ಯುವಕ ಸಂಘಗಳೂ ಬಹುಮಾನಗಳೂ



ಕೊಡಗಿನ ಯುವಕ ಸಂಘಗಳು, ಅವು ಕೈಕೊಳ್ಳಬಹುದಾದ ಕೆಲಸಗಳು, ಆ ಕೆಲಸಗಳಿಗೆ ನಾವು ಕೊಡುವ ಬಹುಮಾನಗಳು—ಇವನ್ನು ಕುರಿತು ಕೆಲವು ಮಾತುಗಳನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ವಿಷಯ ಚಿಕ್ಕದೆಂದು ತೋರಬಹುದು. ಆದರೆ ಒಂದು ನಾಡಿನ ಹಿರಿಯರು ಯಾವುದನ್ನು ಮೆಚ್ಚಿ ಬಹುಮಾನ ಕೊಡುತ್ತಾರೋ, ಆ ನಾಡಿನ ಕಿರಿಯರು ಅದನ್ನೇ ಕಲಿಯುತ್ತಾರೆ. ಈ ಕಾರಣದಿಂದ ಬಹುಮಾನದ ವಿಚಾರವು ನಾಡಿನ ಭವಿಷ್ಯದ ವಿಚಾರವೇ ಆಗುತ್ತದೆ.

ಮೆಚ್ಚುಗೆಯ ಬಲವೆಷ್ಟೆಂಬುದನ್ನು ಕೊಡಗಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಒಕ್ಕಗಳ ನಡುವೆ ಹಾಕಿ ಪಂದ್ಯಗಳನ್ನು ಆರಂಭಿಸಿದರು. ಮೊದಲನೆಯ ವರ್ಷ ಆಡಿದುವು 60 ಒಕ್ಕಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದ ಉತ್ಸವದಲ್ಲಿ 360 ಒಕ್ಕಗಳು ಕಣಕ್ಕಿಳಿದುವು. ಸರ್ಕಾರದ ಆಜ್ಞೆಯಿಂದ ಇದು ಆದುದಲ್ಲ. ತಮ್ಮ ಮನೆತನದ ಹೆಸರು ಮೈದಾನದಲ್ಲಿ ಕೇಳಬೇಕೆಂಬ ಒಂದೇ ಹಂಬಲದಿಂದ ದೂರದೂರುಗಳಲ್ಲಿ ಉದ್ಯೋಗದಲ್ಲಿರುವ ತರುಣರು ರಜ ಪಡೆದು ಊರಿಗೆ ಬರುತ್ತಾರೆ. ಇಂಥ ಹಂಬಲದಲ್ಲಿ ನಾಲ್ಕರಲ್ಲೊಂದು ಪಾಲು ಗದ್ದೆ ತೋಟಗಳ ಕಡೆಗೆ ತಿರುಗಿದರೆ ಏನಾಗಬಹುದು? ಇದೇ ನನ್ನ ಇಂದಿನ ಪ್ರಶ್ನೆ.

ಮೊದಲು ಹಿಂದಿನ ಒಂದು ಪದ್ಧತಿಯನ್ನು ನೆನೆಯೋಣ. ರೆವರೆಂಡ್ ರಿಕ್ಟರ್ ಎಂಬ ಪಾದ್ರಿಗಳು 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ನಾಟಿಯ ಕೊನೆಯ ದಿನದ ವರ್ಣನೆಯಿದೆ. ಎಲ್ಲಕ್ಕಿಂತ ದೊಡ್ಡ ಗದ್ದೆಯ ನಾಟಿಯನ್ನು ಮುಗಿಸುವ ಮುನ್ನ ಅದರ ಉದ್ದಕ್ಕೂ ಸುಮಾರು ಹತ್ತು ಅಡಿ ಅಗಲದ ಜಾಗವನ್ನು ಬರಿದಾಗಿ ಬಿಡುತ್ತಿದ್ದರಂತೆ. ಆ ಕೆಸರಿನಲ್ಲಿ ಓಟದ ಪಂದ್ಯ. ಕೆಲಸದಲ್ಲಿ ಭಾಗಿಯಾದವರೆಲ್ಲರಿಗೂ ಓಡುವ ಹಕ್ಕಿತ್ತು. ಒಡೆಯರಾದ ಕೊಡವರೂ ಓಡುತ್ತಿದ್ದರು, ಆಳುಗಳಾದ ಹೊಲೆಯರೂ ಎರವರೂ ಓಡುತ್ತಿದ್ದರು. ಮೊದಲು ಬಂದವನಿಗೆ ಬಟ್ಟೆ, ಅವನ ಹಿಂದೆ ಬಂದವರಿಗೆ ಬಾಳೆಗೊನೆ, ಹಲಸಿನಹಣ್ಣು ಮುಂತಾದುವು ದೊರೆಯುತ್ತಿದ್ದುವು.

ಈ ಚಿಕ್ಕ ವರ್ಣನೆಯಲ್ಲಿ ಬಹುಮಾನದ ಧರ್ಮವೆಲ್ಲ ಅಡಗಿದೆ. ಮೊದಲನೆಯದಾಗಿ, ಕೆಲಸವು ಮುಗಿಯುತ್ತ ಬಂದ ಮೇಲೆ ಆಟ. ಎರಡನೆಯದಾಗಿ, ನಾಟಿಯಲ್ಲಿ ಕೈಯಿಟ್ಟವನಿಗೆ ಮಾತ್ರ ಓಟದಲ್ಲಿ ಕಾಲಿಡುವ ಅಧಿಕಾರ. ಮೂರನೆಯದಾಗಿ, ಗೆದ್ದವನೊಬ್ಬನಿಗೇ ಎಲ್ಲವೂ ಸಲ್ಲದೆ, ಹಿಂದೆ ಬಂದವರಿಗೂ ಏನಾದರೊಂದು ಫಲ.

ಈಗಲೂ ಮಳೆಗಾಲದಲ್ಲಿ ಕೊಡಗಿನ ಯುವಕ ಸಂಘಗಳು ಕೆಸರುಗದ್ದೆ ಕ್ರೀಡಾಕೂಟಗಳನ್ನು ನಡೆಸುತ್ತವೆ. ಓಟ, ಹಗ್ಗಜಗ್ಗಾಟ, ಕೆಸರಿನಲ್ಲಿ ಕಾಲ್ಚೆಂಡು, ನಗೆ, ಕೇಕೆ, ಕೊನೆಗೆ ಬೆಳ್ಳಿಬಣ್ಣದ ಪಾರಿತೋಷಕ. ಇದು ಒಳ್ಳೆಯದೇ, ಊರು ಒಂದೆಡೆ ಸೇರುವುದು ಎಂದಿಗೂ ಒಳ್ಳೆಯದು. ಆದರೆ ಓಟಕ್ಕೂ ನಾಟಿಗೂ ಇದ್ದ ನಂಟು ಸಡಿಲವಾಗಿದೆ. ಕೂಲಿಯಾಳುಗಳು ಸಿಕ್ಕುವುದಿಲ್ಲ, ಆನೆಗಳ ಹಾವಳಿ ತಪ್ಪುವುದಿಲ್ಲ, ಭತ್ತದ ಬೆಲೆ ಖರ್ಚಿಗೆ ಸಾಲುವುದಿಲ್ಲ ಎಂಬ ಕಾರಣಗಳಿಂದ ಕೊಡಗಿನ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಓಟವು ಉಳಿದು ನಾಟಿಯು ಹೋದರೆ, ಪುತ್ತರಿಯ ದಿನ ಕದಿರು ಕೊಯ್ಯುವುದಕ್ಕೆ ಪಕ್ಕದೂರಿನ ಗದ್ದೆಯನ್ನು ಹುಡುಕಬೇಕಾದೀತು. ಗುಡ್ಡಗಳ ನಡುವಣ ಈ ಗದ್ದೆಗಳು ಅನ್ನವನ್ನು ಕೊಡುವುದಲ್ಲದೆ, ಮಳೆಯ ನೀರನ್ನು ತಡೆದು ನಿಲ್ಲಿಸಿ ಮಣ್ಣಿಗೆ ಇಂಗಿಸುತ್ತವೆ. ಕಾವೇರಿಯ ತವರಿನಲ್ಲಿ ಗದ್ದೆ ಪಾಳಾದರೆ ನಷ್ಟವು ಕೊಡಗಿಗೆ ಮಾತ್ರವಲ್ಲ.

ಇನ್ನು ಪ್ರದರ್ಶನಗಳ ಮಾತು. ಮಡಿಕೇರಿಯ ರಾಜಾಸೀಟಿನಲ್ಲಿ ತೋಟಗಾರಿಕೆ ಇಲಾಖೆಯವರು ಫಲಪುಷ್ಪ ಪ್ರದರ್ಶನವನ್ನು ಏರ್ಪಡಿಸುತ್ತಾರೆ. ನಮ್ಮ ಕಡೆ ಪ್ರದರ್ಶನಗಳ ಸಂಪ್ರದಾಯವೇನೂ ಹೊಸದಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನವು 1907ರಲ್ಲಿಯೇ ಆರಂಭವಾಯಿತು. ಇಂಥ ಕಡೆಗಳಲ್ಲಿ ದೊಡ್ಡ ಕುಂಬಳಕಾಯಿಯನ್ನೂ ತುಂಬಿದ ಬಾಳೆಗೊನೆಯನ್ನೂ ನೋಡಿ ನಾವು ಸಂತೋಷಪಡುತ್ತೇವೆ. ಆದರೆ ಆ ಕುಂಬಳಕಾಯಿಯನ್ನು ಬೆಳೆದವನು ಯಾವ ಗೊಬ್ಬರವನ್ನು ಎಷ್ಟು ಹಾಕಿದ, ಎಷ್ಟು ಹಣ ಹೋಯಿತು, ಎಷ್ಟು ಕಾಯಿ ಕೊಳೆತುವು ಎಂಬುದನ್ನು ಕಾಯಿ ತಾನಾಗಿ ಹೇಳುವುದಿಲ್ಲ. ನೋಡಿದವನು ಬೆರಗಾಗಿ ಹಿಂದಿರುಗುತ್ತಾನೆ, ಕಲಿತು ಹಿಂದಿರುಗುವುದಿಲ್ಲ.

ಈ ಕೊರತೆಯನ್ನು ನೀಗಿಸುವ ಒಂದು ಉಪಾಯವನ್ನು ಅಮೆರಿಕದ ಹಳ್ಳಿಗರು ಕಂಡುಕೊಂಡರು. 1902ರಲ್ಲಿ ಓಹಾಯೋ ಸಂಸ್ಥಾನದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಮ್ ಎಂಬ ಶಾಲಾಧಿಕಾರಿಗಳು ಬಾಲಕ ಬಾಲಕಿಯರ ಒಂದು ಕೃಷಿಸಂಘವನ್ನು ಕಟ್ಟಿದರು. ಮಕ್ಕಳು ಮಣ್ಣನ್ನು ಪರೀಕ್ಷಿಸಿದರು, ಮುಸುಕಿನ ಜೋಳವನ್ನೂ ತರಕಾರಿಗಳನ್ನೂ ಬೆಳೆದರು. ಮುಂದೆ 4-ಎಚ್ ಎಂದು ಹೆಸರಾದ ದೊಡ್ಡ ಚಳವಳಿಗೆ ಇಂಥ ಸಂಘಗಳೇ ಮೂಲ. ತಲೆ, ಹೃದಯ, ಕೈ, ಆರೋಗ್ಯ—ಈ ನಾಲ್ಕು ಮಾತುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಆ ಹೆಸರು ಬಂದಿತು. ಹೊಸ ಬೀಜವನ್ನೂ ಹೊಸ ವಿಧಾನವನ್ನೂ ಪಂಡಿತರು ಹೇಳಿದರೆ ಹಿರಿಯ ಬೇಸಾಯಗಾರರು ನಂಬುತ್ತಿರಲಿಲ್ಲ. ತಮ್ಮ ಮಗನೇ ಮನೆಯ ಪಕ್ಕದ ತುಂಡು ನೆಲದಲ್ಲಿ ಬೆಳೆದು ತೋರಿಸಿದಾಗ ನಂಬಿದರು.

ಆ ಜೋಳದ ಸಂಘಗಳಲ್ಲಿ ಬಹುಮಾನವನ್ನು ಅಳೆಯುತ್ತಿದ್ದ ಕ್ರಮವು ನಮ್ಮ ಗಮನಕ್ಕೆ ಅರ್ಹವಾದುದು. ನೂರು ಅಂಕಗಳಲ್ಲಿ ಎಕರೆಯ ಇಳುವರಿಗೆ 30, ಖರ್ಚು ಕಳೆದು ಉಳಿದ ಲಾಭಕ್ಕೆ 30, ಪ್ರದರ್ಶನಕ್ಕೆ ತಂದ ಹತ್ತು ತೆನೆಗಳಿಗೆ 20, ಆ ಬೆಳೆಯ ಕಥೆಯನ್ನು ಬರೆದಿಟ್ಟ ವರದಿಗೆ 20. ಮೇಜಿನ ಮೇಲೆ ಹೊಳೆಯುವ ತೆನೆಗೆ ದೊರೆಯುತ್ತಿದ್ದುದು ಐದರಲ್ಲೊಂದು ಪಾಲು ಮಾತ್ರ! ಮಿಕ್ಕ ನಾಲ್ಕು ಪಾಲು ಕಣ್ಣಿಗೆ ಕಾಣದ ದುಡಿಮೆಗೆ, ಲೆಕ್ಕಕ್ಕೆ, ಬರೆವಣಿಗೆಗೆ. 1910ರಲ್ಲಿ ದಕ್ಷಿಣ ಕೆರೊಲೈನದಲ್ಲಿ ಮೇರಿ ಕ್ರೋಮರ್ ಎಂಬ ಉಪಾಧ್ಯಾಯಿನಿಯವರು ಹುಡುಗಿಯರಿಗಾಗಿ ಟೊಮೇಟೊ ಸಂಘವನ್ನು ಸ್ಥಾಪಿಸಿದರು. ಎಕರೆಯ ಹತ್ತನೆಯ ಒಂದು ಪಾಲು ನೆಲದಲ್ಲಿ ಹಣ್ಣು ಬೆಳೆದು ಡಬ್ಬಿಗಳಲ್ಲಿ ಕಾಪಿಟ್ಟು ಮಾರುವುದು ಅವರ ಕೆಲಸ.

ನಮ್ಮಲ್ಲಿ ಸಂಘಗಳಿಗೆ ಕೊರತೆಯಿಲ್ಲ. 1972ರಲ್ಲಿ ಆರಂಭವಾದ ನೆಹರು ಯುವ ಕೇಂದ್ರಗಳು ಹಳ್ಳಿಗಳಲ್ಲಿ ಯುವಕ ಸಂಘಗಳಿಗೂ ಯುವತಿ ಮಂಡಲಿಗಳಿಗೂ ಪ್ರೋತ್ಸಾಹ ಕೊಟ್ಟುವು. 2023ರಲ್ಲಿ ಮೇರಾ ಯುವ ಭಾರತ ಎಂಬ ಸಂಸ್ಥೆಯೂ ಹುಟ್ಟಿತು. ಬೇಕಾಗಿರುವುದು ವರ್ಷವಿಡೀ ನಡೆಯುವ ಕೆಲಸ. ಕೊಡಗಿಗೆ ಒಪ್ಪುವ ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು ಗದ್ದೆ. ಸಂಘದವರು ಒಂದು ಪಾಳುಗದ್ದೆಯನ್ನು ಒಡೆಯರಿಂದ ಒಂದು ವರ್ಷಕ್ಕೆ ಪಡೆದು ಬೇಸಾಯ ಮಾಡಲಿ. ನಾಟಿಯ ಕೊನೆಯಲ್ಲಿ ಹಿಂದಿನಂತೆ ನಡುವೆ ಹಾದಿ ಬಿಟ್ಟು ಓಡಲಿ. ಬೀಜವೆಷ್ಟು, ಆಳೆಷ್ಟು, ಬಂದ ಭತ್ತ ಎಷ್ಟು ಬಟ್ಟಿ ಎಂಬುದನ್ನು ಬರೆದಿಡಲಿ. ನಷ್ಟವಾದರೆ ನಷ್ಟವನ್ನೂ ಬರೆಯಲಿ. ಏತಕ್ಕೆ ನಷ್ಟವಾಯಿತೆಂದು ತಿಳಿಸುವ ಲೆಕ್ಕವು ಲಾಭದ ಹೆಮ್ಮೆಗಿಂತ ಊರಿಗೆ ಹೆಚ್ಚು ಉಪಕಾರಿ.

ಎರಡನೆಯದು ಕಿತ್ತಳೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೆ ಹೆಸರು ಉಳಿದಷ್ಟು ಮರಗಳು ಉಳಿದಿಲ್ಲ. ಎಲೆ ಹಳದಿಯಾಗಿ ಮರ ಸೊರಗುವ ಗ್ರೀನಿಂಗ್ ಎಂಬ ರೋಗವು ಅದರ ಅವನತಿಗೆ ಒಂದು ಮುಖ್ಯ ಕಾರಣ. ರಸ ಹೀರುವ ಒಂದು ಚಿಕ್ಕ ಕೀಟದಿಂದಲೂ, ರೋಗವಿರುವ ಮರದ ಕಣ್ಣನ್ನು ಕಸಿ ಮಾಡುವುದರಿಂದಲೂ ಅದು ಹರಡುತ್ತದೆ. ಆದುದರಿಂದ ಹತ್ತು ನಿರೋಗಿ ಸಸಿಗಳನ್ನು ನೆಟ್ಟು, ತಿಂಗಳಿಗೊಮ್ಮೆ ಎಲೆಗಳನ್ನು ಪರೀಕ್ಷಿಸಿ ಬರೆದಿಡುವ ಹುಡುಗನು ಒಂದು ಬುಟ್ಟಿ ಹಣ್ಣು ತಂದವನಿಗಿಂತ ಕಡಮೆಯ ಸಾಧಕನಲ್ಲ.

ಮೂರನೆಯದು ಜೇನು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ಜೇನುಕುಟುಂಬಗಳನ್ನು ಬಹುಮಟ್ಟಿಗೆ ನಾಶಮಾಡಿತು. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಕೊಡಗಿಗೆ ಜೇನು ಬರಿಯ ಸಿಹಿಯಲ್ಲ. ರೊಬಸ್ಟ ಕಾಫಿಯ ಹೂವು ತನ್ನ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು, ಹೂ ಎಂದು ಅರಳಿತು, ಪೆಟ್ಟಿಗೆಯಲ್ಲಿ ಜೇನು ಎಷ್ಟಾಯಿತು—ಇಷ್ಟನ್ನು ಬರೆದಿಟ್ಟರೆ ಅದೊಂದು ಶಾಸ್ತ್ರವೇ ಆಗುತ್ತದೆ. ಕೊಡಗಿನ ತೋಟಗಾರರು ಮಳೆಯನ್ನು ಅಳೆದು ಬರೆದಿಡುವ ಒಳ್ಳೆಯ ಅಭ್ಯಾಸದವರು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಮೇಲೆ ಆ ಅಭ್ಯಾಸವನ್ನು ಮಕ್ಕಳಿಗೂ ಕಲಿಸಬೇಕಾದ ಅವಶ್ಯಕತೆ ಹೆಚ್ಚಿದೆ.

ಜೇನುಪೆಟ್ಟಿಗೆಗೆ ಇನ್ನೊಂದು ಗುಣವುಂಟು: ಅದಕ್ಕೆ ಎಕರೆಗಟ್ಟಲೆ ನೆಲ ಬೇಡ. ಲೈನ್‌ಮನೆಯಲ್ಲಿ ವಾಸಿಸುವ ಕೂಲಿಗಾರನ ಮಗಳೂ, ಹಾಡಿಯ ಎರವರ ಹುಡುಗನೂ ಒಂದು ಪೆಟ್ಟಿಗೆಯನ್ನು ಸಾಕಬಲ್ಲರು. ಭೂಮಿ ಇದ್ದವರ ಮಕ್ಕಳಿಗೆ ಮಾತ್ರ ಬಹುಮಾನವೆಂದಾದರೆ ಅದು ಭೂಮಿಗೆ ಕೊಟ್ಟ ಬಹುಮಾನ, ದುಡಿಮೆಗೆ ಕೊಟ್ಟುದಲ್ಲ. ಕಾಚಂಪುಳಿಯನ್ನು ಶುಚಿಯಾಗಿ ಇಳಿಸಿ, ಸೀಸೆಯ ಮೇಲೆ ತಾರೀಖು ಹಾಕಿ, ಖರ್ಚುವೆಚ್ಚ ಬರೆದು ಮಾರುವ ಯುವತಿ ಮಂಡಲಿಗೂ ಇದೇ ನ್ಯಾಯ ಸಲ್ಲಬೇಕು.

ತೀರ್ಪಿನ ವಿಷಯದಲ್ಲಿ ಇನ್ನೊಂದು ಮಾತು. ಡೇನಿಷ್ ಪದ್ಧತಿ ಎಂದು ಕರೆಯುವ ಒಂದು ಕ್ರಮವು 4-ಎಚ್ ಸಂಘಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಒಬ್ಬನ ವಸ್ತುವನ್ನು ಇನ್ನೊಬ್ಬನ ವಸ್ತುವಿನೊಡನೆ ಹೋಲಿಸುವುದಿಲ್ಲ. ಮೊದಲೇ ಗೊತ್ತುಮಾಡಿದ ಮಟ್ಟದೊಡನೆ ಹೋಲಿಸುತ್ತಾರೆ. ಉತ್ತಮ ಮಟ್ಟವನ್ನು ಮುಟ್ಟಿದವರೆಲ್ಲರಿಗೂ ನೀಲಿಯ ಪಟ್ಟಿ, ಅದಕ್ಕಿಂತ ಕೆಳಗಿನವರಿಗೆ ಕೆಂಪು, ಮತ್ತೂ ಕೆಳಗಿನವರಿಗೆ ಬಿಳಿದು. ನಾನು ಬೋಧಕವೃತ್ತಿಯವನು. ಒಬ್ಬನೇ ಪ್ರಥಮನಾದರೆ ಉಳಿದವರು ಮರುವರ್ಷ ಕೈಬಿಡುವುದನ್ನೂ, ಮಟ್ಟವೊಂದನ್ನು ತೋರಿಸಿದರೆ ಮಂದಬುದ್ಧಿಯೆನಿಸಿಕೊಂಡವನೂ ಅದರತ್ತ ಕೈಚಾಚುವುದನ್ನೂ ತರಗತಿಯಲ್ಲಿ ನಿತ್ಯವೂ ಕಾಣುತ್ತೇನೆ.

ಬಹುಮಾನದ ಆಸೆಯಿಂದ ಮಾಡಿದ ಕೆಲಸವು ಹೆಚ್ಚು ಕಾಲ ನಿಲ್ಲುವುದೇ ಎಂದು ಕೆಲವರು ಕೇಳಬಹುದು. ಪಾರಿತೋಷಕಕ್ಕೆ ಧೂಳು ಹಿಡಿಯುವುದು ನಿಜ. ಆದರೆ ಲೆಕ್ಕದ ಪುಸ್ತಕವು ಹಾಗಲ್ಲ. ಮರುವರ್ಷದ ಬೇಸಾಯಕ್ಕೆ ಅದೇ ಬಂಡವಾಳ. ಕೊಡಗನ್ನು ಬಿಟ್ಟು ಹೊರಡುವ ತರುಣನನ್ನು ಉಪದೇಶದಿಂದ ತಡೆಯಲಾಗದು. ತಡೆಯುವುದು ನ್ಯಾಯವೂ ಅಲ್ಲ. ಆದರೆ ಈ ಮಣ್ಣಿನಲ್ಲಿ ಬಾಳಬಹುದೇ ಬಾರದೇ ಎಂಬುದನ್ನು ಅವನು ಸ್ವಂತ ಕೈಯಿಂದ ಬರೆದ ಲೆಕ್ಕವನ್ನು ನೋಡಿ ತೀರ್ಮಾನಿಸುವಂತಾಗಬೇಕು. ಇಂದು ಬಹು ಮಂದಿ ಲೆಕ್ಕ ಹಾಕದೆ ಹೊರಡುತ್ತಾರೆ. ಕೆಲವರು ಲೆಕ್ಕ ಹಾಕದೆ ಉಳಿಯುತ್ತಾರೆ.

ಹೆಚ್ಚಿನ ಹಣವಾಗಲಿ ಹೊಸ ಕಟ್ಟಡವಾಗಲಿ ಇದಕ್ಕೆ ಬೇಡ. ಒಂದು ಊರಿನ ಒಂದು ಸಂಘವು ಹತ್ತು ಮಂದಿ ಸದಸ್ಯರಿಂದ ಒಂದು ವರ್ಷ ಇದನ್ನು ಮಾಡಿ ನೋಡಲಿ. ಮುಂದಿನ ಪ್ರದರ್ಶನದಲ್ಲಿ ಭತ್ತದ ಕದಿರಿನ ಪಕ್ಕದಲ್ಲಿ, ಜೇನಿನ ಸೀಸೆಯ ಪಕ್ಕದಲ್ಲಿ, ಅದನ್ನು ಬೆಳೆದವರ ಲೆಕ್ಕದ ಪುಸ್ತಕವನ್ನು ತೆರೆದಿಡಲಿ. ತೀರ್ಪುಗಾರರು ಮೊದಲು ಪುಸ್ತಕವನ್ನು ಓದಿ ಅನಂತರ ಕದಿರನ್ನು ನೋಡಲಿ. ಊರಿನ ಹಿರಿಯರು ತಮ್ಮ ಮೆಚ್ಚುಗೆಯನ್ನು ಇಷ್ಟು ಈ ಕಡೆಗೆ ತಿರುಗಿಸಿದರೆ, ಉಳಿದುದನ್ನು ಕೊಡಗಿನ ತರುಣರು ತಾವೇ ಮಾಡಿಕೊಳ್ಳಬಲ್ಲರೆಂದು ನಾನು ನಂಬಿದ್ದೇನೆ.