ನಕ್ಷೆ ನಮ್ಮದು, ಯಂತ್ರ ಯಾವುದು?

(ಕಾರ್ಯಕರ್ತರ ತರಗತಿಯಲ್ಲಿ ಮಾಡಿದ ಭಾಷಣ)



ಬೀದಿ ವ್ಯಾಪಾರಿಗಳ 2014ರ ಕಾಯಿದೆಯಂತೆ ಐದು ವರ್ಷಕ್ಕೊಮ್ಮೆಯಾದರೂ ಊರಿನ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಅದನ್ನು ನಡೆಸುವ ಪಟ್ಟಣ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಅಲ್ಲಿ ಕುಳಿತವರು "ನಮ್ಮ ಸಾಲಿನ ಹತ್ತು ಗಾಡಿ ಬಿಟ್ಟುಹೋಗಿವೆ" ಎಂದು ಬಾಯಲ್ಲಿ ಹೇಳಿದರೆ ಸಾಲದು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಬೇಕು. ಇಲ್ಲವಾದರೆ ನಕ್ಷೆ ಇದ್ದವನದೇ ಮಾತು.

ನಕ್ಷೆ ಬರೆಯಲು ಸಾಧನವಿದೆ. 2002ರಲ್ಲಿ ಗ್ಯಾರಿ ಶೆರ್ಮನ್ ಎಂಬವರು ಆರಂಭಿಸಿದ ಕ್ಯೂಜಿಐಎಸ್ ತಂತ್ರಾಂಶಕ್ಕೆ ಕಾಸು ಕೊಡಬೇಕಾಗಿಲ್ಲ. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹಾಗಾದರೆ ಅದನ್ನು ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಸಬೇಕು?

ಮಿಲ್ಲಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಗ್ಗ ಬೇರೆ, ಮಗ್ಗಕ್ಕೆ ಚಾಲನೆ ಕೊಡುವ ಏರ್ಪಾಡು ಬೇರೆ. ಕ್ಯೂಜಿಐಎಸ್ ನಮ್ಮ ಮಗ್ಗ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಮೇಲೂ ಓಡುತ್ತದೆ. ಒಂದರಲ್ಲಿ ನೇಯ್ದ ನಕ್ಷೆ ಇನ್ನೊಂದರಲ್ಲಿ ತೆರೆಯುತ್ತದೆ. ಆದುದರಿಂದ ಮೊದಲು ಕೇಳಬೇಕಾದುದು, ನಮ್ಮ ಕೈಯಲ್ಲಿ ಈಗ ಇರುವ ಯಂತ್ರ ಯಾವುದು ಎಂದು. ನಕ್ಷೆಗೆಂದು ಮ್ಯಾಕ್ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದು ವಿಂಡೋಸ್ 11 ಸರಿಯಾಗಿ ನಡೆಯುತ್ತಿದ್ದರೆ ಅದನ್ನು ಕೆಡಿಸಬೇಡಿ. ಅದರಲ್ಲೇ ಕ್ಯೂಜಿಐಎಸ್ ಹಾಕಿಕೊಳ್ಳಿ.

ತೊಡಕಿರುವುದು ಹಳೆಯ ಯಂತ್ರಗಳಿಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಪ್ರೊಸೆಸರ್ ಇರುವ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಕಂಪನಿ ಬೇಡವೆಂದ ಮಾತ್ರಕ್ಕೆ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆ? ಬೇಡ. ಅದಕ್ಕೆ ಲಿನಕ್ಸ್ ಹಾಕಿ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಪುಕ್ಕಟೆ ಬೆಂಬಲವಿದೆ. ಯಂತ್ರ ಬಡವಾದರೆ ಹಗುರವಾದ ಲುಬುಂಟು ಇದೆ. 4 ಜಿಬಿ ಮೆಮೊರಿಯಲ್ಲಿ ಒಂದು ವಾರ್ಡಿನ ನಕ್ಷೆಯನ್ನು ಹೇಗೋ ನಿಭಾಯಿಸಬಹುದು; 8 ಇದ್ದರೆ ತೊಂದರೆಯಿಲ್ಲ. ಮೊದಲೇ ಡಿಸ್ಕ್ ಅಳಿಸಬೇಡಿ. ಪೆನ್‌ಡ್ರೈವಿನಿಂದಲೇ ನಡೆಯುವ ಓಎಸ್‌ಜಿಯೋ ಲೈವ್‌ನಲ್ಲಿ ಕ್ಯೂಜಿಐಎಸ್ ಸಿದ್ಧವಾಗಿಯೇ ಇದೆ; ನಾಲ್ಕು ದಿನ ಅದರಲ್ಲಿ ಕೈ ಪಳಗಿಸಿ, ಆಮೇಲೆ ತೀರ್ಮಾನಿಸಿ.

ಲಿನಕ್ಸಿಗೆ ಕಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೆಲವು ಪ್ರಿಂಟರ್‌ಗಳು ಸತಾಯಿಸುತ್ತವೆ; ಕೆಟ್ಟರೆ ಸರಿಮಾಡುವವರು ಪ್ರತಿ ಬೀದಿಯಲ್ಲೂ ಸಿಗುವುದಿಲ್ಲ. ಆದುದರಿಂದ ಸಂಘಕ್ಕೆ ಇಬ್ಬರಾದರೂ ಇದನ್ನು ಕಲಿತಿರಬೇಕು. ಒಬ್ಬನೇ ಬಲ್ಲವನಾದರೆ ಅವನು ಊರು ಬಿಟ್ಟ ದಿನ ಕೆಲಸವೂ ನಿಂತೀತು.

ಎರಡು ಮಾತು ನೆನಪಿಡಿ. ಎಲ್ಲರೂ ಕ್ಯೂಜಿಐಎಸ್‌ನ ಒಂದೇ ದೀರ್ಘಾವಧಿ ಆವೃತ್ತಿಯನ್ನು ಬಳಸಿ. ಬೀದಿ, ಕೊಳಾಯಿ, ಗಾಡಿಗಳ ಹೆಸರನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ಅಕ್ಷರಶೈಲಿಯಲ್ಲಿ ಬರೆದುದು ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಟಾಗಿ ಕಾಣುತ್ತದೆ.

ಯಂತ್ರ ಯಾವುದೇ ಇರಲಿ, ಬೀದಿಯಲ್ಲಿ ನಡೆದು ಗಾಡಿಗಳನ್ನು ಎಣಿಸುವ ಕೆಲಸ ನಮ್ಮ ಕಾಲಿನದೇ. ಮುಂದಿನ ಸಮೀಕ್ಷೆಗೆ ಮುಂಚೆ ಅದು ಮುಗಿಯಲಿ.