ಕೇಳಿದವನ ಕುರುಹು

ದೂರದ ಊರಿನ ಬಂಧುಗಳಿಗೆ ಕಾಗದ ಬರೆಯುವಾಗ ನಮ್ಮ ಹಿರಿಯರು ಮೊದಲು ತಮ್ಮ ಕ್ಷೇಮವನ್ನು ತಿಳಿಸಿ, ಅನಂತರ ಅತ್ತ ಕಡೆಯ ಕ್ಷೇಮಸಮಾಚಾರವನ್ನು ವಿಚಾರಿಸುತ್ತಿದ್ದರು. ಕಣ್ಣಿಗೆ ಕಾಣದ ಮನೆಯೊಂದರಲ್ಲಿ ಈಗ ಏನು ನಡೆಯುತ್ತಿದೆ ಎಂದು ತಿಳಿಯುವ ಹಂಬಲ ಮನುಷ್ಯನಿಗೆ ಸಹಜವಾದದ್ದು. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೊಂದು ವಿಚಾರಣೆ ನಿತ್ಯವೂ ನಡೆಯುತ್ತದೆ. ಒಂದು ಯಂತ್ರದ ಮುಂದೆ ಕುಳಿತವನು ನೂರಾರು ಮೈಲಿ ಆಚೆಗಿರುವ ಇನ್ನೊಂದು ಯಂತ್ರವನ್ನು, ‘ಈ ಗಳಿಗೆಯಲ್ಲಿ ನಿನ್ನೊಳಗೆ ಏನೇನು ಕೆಲಸಗಳು ನಡೆಯುತ್ತಿವೆ?’ ಎಂದು ಕೇಳುತ್ತಾನೆ. ಯಂತ್ರ ಪಟ್ಟಿಯೊಂದನ್ನು ಒಪ್ಪಿಸುತ್ತದೆ. ಕನ್ನಡದ ಅಧ್ಯಾಪಕನಾಗಿದ್ದ ನನಗೆ ಇದರಲ್ಲಿ ಏನು ಆಸಕ್ತಿ ಎಂದು ತಾವು ಕೇಳಬಹುದು. ಆ ಪ್ರಶ್ನೆಗೆ ಉತ್ತರವೇ ಈ ಭಾಷಣ.

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆಮನೆಯ ಅಡಿಗೆಯವನೊಬ್ಬ ಐದಾರು ಒಲೆಗಳನ್ನು ಹೊತ್ತಿಸಿಕೊಂಡಿದ್ದಾನೆ ಎನ್ನಿ. ಒಂದರಲ್ಲಿ ಅನ್ನ, ಒಂದರಲ್ಲಿ ಹುಳಿ, ಮತ್ತೊಂದರಲ್ಲಿ ಪಾಯಸ. ಕೈಗಳು ಎರಡೇ, ಆದರೂ ಅವನು ಒಲೆಯಿಂದ ಒಲೆಗೆ ಸರಿಯುತ್ತ ಎಲ್ಲವನ್ನೂ ಏಕಕಾಲಕ್ಕೆ ಬೇಯಿಸುತ್ತಾನೆ. ಗಣಕಯಂತ್ರವೂ ಹೀಗೆಯೇ. ಅದರೊಳಗೆ ಉರಿಯುತ್ತಿರುವ ಒಂದೊಂದು ಒಲೆಗೂ ‘ಪ್ರೊಸೆಸ್’ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ‘ಯುನಿಕ್ಸ್’ ಎಂಬ ವ್ಯವಸ್ಥೆಯಲ್ಲಿ ಈ ಒಲೆಗಳ ಪಟ್ಟಿಯನ್ನು ಕೇಳುವ ಆಜ್ಞೆ ಎರಡೇ ಅಕ್ಷರದ್ದು: ‘ಪಿಎಸ್’. ಬರುವ ಉತ್ತರದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. ಅದರ ಸಂಖ್ಯೆ, ಅದು ಬಳಸಿಕೊಂಡ ಕಾಲ, ಅದರ ಹೆಸರು. ಈ ಆಜ್ಞೆಯ ಬಾಲಕ್ಕೆ ಇನ್ನಷ್ಟು ಅಕ್ಷರಗಳನ್ನು ಜೋಡಿಸಿದರೆ ಹೆಚ್ಚಿನ ವಿವರ ಸಿಗುತ್ತದೆ. ನಮ್ಮ ವ್ಯಾಕರಣದಲ್ಲಿ ಪ್ರಕೃತಿಗೆ ಪ್ರತ್ಯಯ ಸೇರಿದ ಹಾಗೆ.

ಈ ಪ್ರತ್ಯಯಗಳ ಮಹಿಮೆಯನ್ನು ತೋರಿಸುವ ಒಂದು ನಿಜಸಂಗತಿಯುಂಟು. 1986ರಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿದ್ದರು. ಸಂಶೋಧನೆಯ ಹಣ ಮುಗಿದುದರಿಂದ ಅವರನ್ನು ಗಣಕಯಂತ್ರಗಳ ವಿಭಾಗಕ್ಕೆ ವರ್ಗಮಾಡಿದರು. ಹೊಸಬರಿಗೆ ಕೊಟ್ಟ ಮೊದಲ ಕೆಲಸ ಬಹು ಸಣ್ಣದು: ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಬಂದಿದೆ, ಏಕೆಂದು ನೋಡಿ. ಆ ಮುಕ್ಕಾಲು ಡಾಲರಿನ ಬೆನ್ನು ಹತ್ತಿದಾಗ ತಿಳಿದುಬಂದದ್ದು, ಯಾರೋ ಅಪರಿಚಿತ ಹೊರಗಿನಿಂದ ಯಂತ್ರದೊಳಗೆ ನುಸುಳಿದ್ದಾನೆ ಎಂಬ ಸಂಗತಿ.

ಸ್ಟಾಲ್ ಅವನನ್ನು ಹೊರಗಟ್ಟಲಿಲ್ಲ, ನೋಡುತ್ತ ಕುಳಿತರು. ಆದರೆ ಹೇಗೆ ನೋಡುವುದು? ಕಾವಲು ಕಾಯುವ ಕೆಲಸವನ್ನು ಅದೇ ಯಂತ್ರಕ್ಕೆ ವಹಿಸಿದರೆ ಆ ಕಾವಲುಗಾರನೂ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣಿಸಿಕೊಂಡುಬಿಡಬಹುದು. ಆ ಕಳ್ಳನಾದರೋ ಒಳಗೆ ಬಂದೊಡನೆ ಯಾರು ಯಾರಿದ್ದಾರೆ, ಏನೇನು ನಡೆಯುತ್ತಿದೆ ಎಂದು ನೋಡಿಕೊಳ್ಳುವ ಜಾಗರೂಕ. ಆದುದರಿಂದ ಸ್ಟಾಲ್ ಯಂತ್ರದ ಒಳಗೆ ಏನನ್ನೂ ಇಡದೆ, ಹೊರಗಿನಿಂದ ಒಳಬರುವ ತಂತಿಗಳಿಗೇ ಮುದ್ರಣಯಂತ್ರಗಳನ್ನು ಕಟ್ಟಿದರು. ಕಳ್ಳ ಒತ್ತಿದ ಅಕ್ಷರವೆಲ್ಲ ಅವನಿಗೆ ತಿಳಿಯದಂತೆ ಕಾಗದದ ಮೇಲೆ ಮೂಡತೊಡಗಿತು.

ಆ ಕಾಗದದ ಸುರುಳಿಯಲ್ಲಿ ಕಂಡದ್ದು ಹೀಗೆ. ಯಂತ್ರ ಐದು ನಿಮಿಷಕ್ಕೊಮ್ಮೆ ತಾನೇ ನಡೆಸುವ ಒಂದು ಸಣ್ಣ ಕೆಲಸದ ಜಾಗದಲ್ಲಿ ಅವನು ತನ್ನ ಕಪಟಬರಹವನ್ನು ಇಟ್ಟ. ಯಂತ್ರ ಅದನ್ನು ತನ್ನದೆಂದೇ ತಿಳಿದು ಕಾವು ಕೊಟ್ಟಿತು. ಅವನಿಗೆ ಸರ್ವಾಧಿಕಾರ ದೊರೆಯಿತು. ಸ್ಟಾಲ್ 1989ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕಕ್ಕೆ ‘ಕೋಗಿಲೆಯ ಮೊಟ್ಟೆ’ ಎಂಬ ಅರ್ಥದ ಹೆಸರನ್ನು ಇಟ್ಟದ್ದು ಇದರಿಂದಲೇ. ಕೋಗಿಲೆಯನ್ನು ಪರಭೃತ ಎಂದು ಕರೆದ ನಮ್ಮ ಕವಿಪರಂಪರೆಗೆ ಈ ಹೆಸರಿನ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ.

ಅನಂತರ ಅವನು ಪ್ರೊಸೆಸ್‌ಗಳ ಪಟ್ಟಿ ಕೇಳಿದ. ‘ಪಿಎಸ್’ ಆಜ್ಞೆಗೆ ಅವನು ಹಚ್ಚಿದ ಬಾಲ: ‘ಇ, ಎ, ಎಫ್, ಜಿ’. ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ಇದನ್ನು ನೋಡಿದೊಡನೆ, ಇವನು ನಮ್ಮ ಕಡೆಯವನಲ್ಲ ಎಂದುಬಿಟ್ಟರು. ಯುನಿಕ್ಸ್ ಆ ವೇಳೆಗೆ ಎರಡು ಕವಲಾಗಿತ್ತು: ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಬೆಳೆದದ್ದು ಒಂದು, ಎಟಿ ಅಂಡ್ ಟಿ ಕಂಪೆನಿಯದು ಇನ್ನೊಂದು. ಬರ್ಕ್‌ಲಿಯ ಯುನಿಕ್ಸಿನಲ್ಲಿ ಪಳಗಿದವನಿಗೆ ‘ಎಫ್’ ಎಂಬ ಅಕ್ಷರ ಅನಾವಶ್ಯಕ. ಎಟಿ ಅಂಡ್ ಟಿ ಕವಲಿನಲ್ಲಿ ಬೆರಳು ಪಳಗಿಸಿಕೊಂಡವನು ಮಾತ್ರ ರೂಢಿಯಿಂದ ಅದನ್ನು ಸೇರಿಸುತ್ತಾನೆ. ಹೆಸರನ್ನು ಮರೆಸಿದ, ದಾರಿಯನ್ನು ಮರೆಸಿದ. ಒಂದು ಅಕ್ಷರವನ್ನು ಮರೆಸಲಾರದೆ ಹೋದ.

ಇದನ್ನು ಓದಿದಾಗ ನನಗಾದ ಸಂತೋಷ ಹಳೆಯ ವಿದ್ಯಾರ್ಥಿಯೊಬ್ಬನನ್ನು ಪರದೇಶದಲ್ಲಿ ಕಂಡಂಥದು. ಮೈಸೂರಿನವನು ‘ಏನ್ ಮಾಡ್ತಾ ಇದ್ದೀರಿ?’ ಎನ್ನುತ್ತಾನೆ, ಧಾರವಾಡದವನು ‘ಏನ್ ಮಾಡಾಕತ್ತೀರಿ?’ ಎನ್ನುತ್ತಾನೆ, ಮಂಗಳೂರಿನವನು ‘ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?’ ಎನ್ನುತ್ತಾನೆ. ಕೇಳಿದ ವಿಷಯ ಒಂದೇ. ಆದರೆ ಕೇಳಿದವನ ಊರು ಉತ್ತರ ಬರುವುದಕ್ಕೆ ಮೊದಲೇ ತಿಳಿದುಹೋಗುತ್ತದೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡುವವರು ಲಿಪಿಕಾರನ ಸೀಮೆಯನ್ನು ಗುರುತಿಸುವುದು ಅವನ ಪಾಂಡಿತ್ಯದಿಂದಲ್ಲ. ಅವನ ಅರಿವಿಗೆ ಬಾರದೆ ಕೈಯಿಂದ ಜಾರಿದ ಒಂದು ರೂಪದಿಂದ. ವಸಂತ ಬಂದಾಗ ಕಾಗೆ ಕೋಗಿಲೆಗಳ ಭೇದ ದನಿಯಿಂದಲೇ ತಿಳಿಯುವುದೆಂದು ಸುಭಾಷಿತಕಾರ ಹೇಳಿದ್ದೂ ಇದನ್ನೇ.

ಆದರೆ ಒಂದು ಎಚ್ಚರಿಕೆ ಬೇಕು. ನುಡಿಯ ಕುರುಹು ದಿಕ್ಕನ್ನು ತೋರಿಸುತ್ತದೆಯೇ ಹೊರತು ಮನೆಯ ಬಾಗಿಲಿಗೆ ಕರೆದೊಯ್ಯುವುದಿಲ್ಲ. ಕಳ್ಳ ಬಳಸಿದ ಗುಪ್ತಪದಗಳಲ್ಲಿ ‘ಯೇಗರ್’ ಮತ್ತು ‘ಹಂಟರ್’ ಎಂಬ ಎರಡಿದ್ದವು; ಜರ್ಮನ್ ಭಾಷೆಯಲ್ಲಿ ಯೇಗರ್ ಎಂದರೆ ಹಂಟರ್, ಅಂದರೆ ಬೇಟೆಗಾರ. ಇದೂ ಒಂದು ಸೂಚನೆ ಮಾತ್ರ. ಕೊನೆಗೆ ಸ್ಟಾಲ್ ಕಲ್ಪಿತ ರಹಸ್ಯಪತ್ರಗಳ ರಾಶಿಯನ್ನೇ ಸೃಷ್ಟಿಸಿ, ಅವನು ಅದನ್ನು ಓದುತ್ತ ಹೊತ್ತು ಕಳೆಯುವಂತೆ ಮಾಡಿ, ಅಷ್ಟರಲ್ಲಿ ದೂರವಾಣಿಯ ಜಾಡನ್ನು ಹಿಡಿಸಬೇಕಾಯಿತು. ಆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬ ಯುವಕನಲ್ಲಿಗೆ ಹೋಯಿತು. ಅವನು ಸುಮಾರು 450 ಯಂತ್ರಗಳ ಬಾಗಿಲು ತಟ್ಟಿ, 30ಕ್ಕೂ ಹೆಚ್ಚು ಯಂತ್ರಗಳ ಒಳಹೊಕ್ಕಿದ್ದ. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರಾಟವಾಗುತ್ತಿತ್ತು. 1990ರಲ್ಲಿ ಅವನಿಗೂ ಅವನ ಸಂಗಡಿಗರಿಗೂ ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆಯಾಯಿತು.

ಉತ್ತರವೂ ಯಾವಾಗಲೂ ಸತ್ಯವೆಂದು ನಂಬುವಂತಿಲ್ಲ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಜಾಲದಲ್ಲಿ ಹರಿಯಬಿಟ್ಟ ‘ಹುಳು’ ಪ್ರೊಸೆಸ್‌ಗಳ ಪಟ್ಟಿಯಲ್ಲಿ ತನ್ನ ಹೆಸರನ್ನು ‘ಎಸ್‌ಎಚ್’ ಎಂದು ಬದಲಿಸಿಕೊಂಡಿತ್ತು. ಅದು ಯುನಿಕ್ಸಿನಲ್ಲಿ ಎಲ್ಲ ಕಡೆಯೂ ಕಾಣುವ ಸಾಧು ಹೆಸರು. ಪಟ್ಟಿ ಹೇಳಿದ್ದು ಹೆಸರನ್ನು, ಗುಣವನ್ನಲ್ಲ.

ಇಂದು ಈ ವಿಚಾರಣೆ ಬಹು ಸುಲಭವಾಗಿದೆ. ಹಿಂದೆ ದೂರದ ಯಂತ್ರವನ್ನು ಪ್ರವೇಶಿಸುವ ಗುಪ್ತಪದ ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ರಚಿಸಿದ ‘ಎಸ್‌ಎಸ್‌ಎಚ್’ ಎಂಬ ಸಾಧನ ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿತು. ಈಗ ಒಂದು ಮೇಜಿನ ಮುಂದೆ ಕುಳಿತ ತರುಣನೊಬ್ಬ ನೂರಾರು ಯಂತ್ರಗಳ ಪಟ್ಟಿಯನ್ನು ಗಳಿಗೆಯಲ್ಲಿ ತರಿಸಿಕೊಳ್ಳಬಲ್ಲ. ಆದರೆ ಕ್ಷೇಮ ಕೇಳುವ ಬಂಧುವೂ ಕನ್ನ ಹಾಕುವ ಕಳ್ಳನೂ ಬಳಸುವ ಆಜ್ಞೆ ಇಂದಿಗೂ ಒಂದೇ. ಅಧಿಕಾರವುಳ್ಳವನು ಕೇಳಿದರೆ ಅದು ಯೋಗಕ್ಷೇಮ. ಇಲ್ಲದವನು ಕೇಳಿದರೆ ಅತಿಕ್ರಮ.

ಕೊನೆಯದಾಗಿ ಒಂದು ಸಂಗತಿ. ‘ಪಿಎಸ್’ ಎಂದು ಕೇಳಿದಾಗ ಬರುವ ಪಟ್ಟಿಯಲ್ಲಿ ಸಾಮಾನ್ಯವಾಗಿ ‘ಪಿಎಸ್’ ಎಂಬ ಹೆಸರಿನ ಸಾಲೂ ಒಂದಿರುತ್ತದೆ. ಕೇಳುವುದೂ ಒಂದು ಕೆಲಸವಷ್ಟೆ. ಅನ್ಯರ ಮನೆಯೊಳಗೆ ಇಣುಕಿ ನೋಡುವ ಸೌಕರ್ಯ ದಿನದಿನಕ್ಕೆ ಬೆಳೆಯುತ್ತಿರುವ ಈ ಕಾಲದಲ್ಲಿ ಆ ಒಂದು ಸಾಲನ್ನು ನಾವು ಮರೆಯದಿದ್ದರೆ ಒಳ್ಳೆಯದು.

(ಬಾನುಲಿ ಭಾಷಣ)