ಗೂಡಿನ ಮಾರುಕಟ್ಟೆಯಿಂದ ಷೇರುಪೇಟೆಯವರೆಗೆ
(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಜನರ ಉಳಿತಾಯದ ಹಣವನ್ನು ಒಟ್ಟುಗೂಡಿಸಿ ಹೂಡುವ ಒಂದು ದೊಡ್ಡ ಸಂಸ್ಥೆಯಲ್ಲಿ ನನಗೆ ಕೆಲಸ. ಆ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದರು. ಹಳ್ಳಿಯ ಸರ್ಕಾರಿ ಶಾಲೆಗೂ ಷೇರುಪೇಟೆಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದ ನಮ್ಮ ಮೇಷ್ಟ್ರುಗಳು ಹೊಸ ಪಿಂಚಣಿ ಯೋಜನೆಗೆ ಬಂದರು. ಅದರ ಹಣದ ಒಂದು ಪಾಲು ಷೇರುಗಳಲ್ಲಿದೆ. ಬಿಡದಿಯ ಕಾರ್ಖಾನೆಗಳಿಗೆ ಹೋಗುವವರ ಭವಿಷ್ಯನಿಧಿಯೂ 2015ರ ಆಗಸ್ಟ್‌ನಿಂದ ಸ್ವಲ್ಪ ಸ್ವಲ್ಪ ಅಲ್ಲಿಗೆ ಹೋಗುತ್ತಿದೆ. ಷೇರಿನ ಮುಖವನ್ನೇ ನೋಡದವರೂ ಇಂದು ಷೇರುದಾರರು.

ಈ ವಿಷಯ ತಿಳಿಯಲು ಮುಂಬೈಗೆ ಹೋಗಬೇಕಾಗಿಲ್ಲ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಸಾಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಕನಕಪುರ, ಚನ್ನಪಟ್ಟಣ, ಮಾಗಡಿ ಕಡೆಯ ಮಕ್ಕಳಿಗೂ ಅದರ ವಾಸನೆ ಪರಿಚಿತ. ಗೂಡು ಕಾಯುವ ಸರಕಲ್ಲ. ಹತ್ತು ಹನ್ನೆರಡು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಎಳೆ ಸಿಗುವುದಿಲ್ಲ. ಆದ್ದರಿಂದ ರೈತ ಬಂದ ಬೆಲೆಗೆ ಕೊಡಲೇಬೇಕು.

ಕೊಳ್ಳುವ ರೀಲರಿಗೂ ಸುಖವಿಲ್ಲ. ಒಂದು ಕೆಜಿ ನೂಲಿಗೆ ಏಳು ಕೆಜಿ ಗೂಡು ಬೇಕು ಎಂದಿಟ್ಟುಕೊಳ್ಳಿ. ಗೂಡಿನ ಬೆಲೆ ಕೆಜಿಗೆ 50 ರೂಪಾಯಿ ಏರಿದರೆ ನೂಲಿನ ಖರ್ಚು 350 ರೂಪಾಯಿ ಏರುತ್ತದೆ. ಬಿಚ್ಚಿದ ನೂಲನ್ನು ಮಾರಿದ ಹಣದಲ್ಲೇ ಮರುದಿನದ ಗೂಡು ಕೊಳ್ಳುವ ಸಣ್ಣ ರೀಲರಿಗೆ ಒಳ್ಳೆಯ ಬೆಲೆ ಬರುವವರೆಗೆ ನೂಲನ್ನು ಹಿಡಿದಿಡುವ ಶಕ್ತಿ ಇಲ್ಲ.

ಹಿಡಿದಿಡುವ ಶಕ್ತಿ ಇರುವವರನ್ನೇ ನಮ್ಮ ಭಾಷೆಯಲ್ಲಿ ಸಾಂಸ್ಥಿಕ ಹೂಡಿಕೆದಾರರು ಎನ್ನುವುದು. ರೇಷ್ಮೆಯಲ್ಲಿ ಈ ಕೆಲಸಕ್ಕೆಂದೇ 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿತು. ಬೆಲೆ ಬಿದ್ದಾಗ ಕೊಳ್ಳಬೇಕು, ಏರಿದಾಗ ಬಿಡಬೇಕು ಎಂಬುದು ಅದರ ಉದ್ದೇಶ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ನಮ್ಮ ಗೂಡಿನ ಬೆಲೆ ಹೇಗೆ ಕುಸಿಯಿತೆಂದು ಇಲ್ಲಿರುವ ಪೋಷಕರಿಗೆ ನೆನಪಿರಬಹುದು. ದೆಹಲಿಯ ಒಂದು ಸಾಲು ನಮ್ಮ ಹಿಪ್ಪುನೇರಳೆ ತೋಟಕ್ಕೆ ತಟ್ಟಿತ್ತು. 2013ರಲ್ಲಿ ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಿದರು.

ಷೇರುಪೇಟೆಯ ಅಂಥ ದಿನ 2020ರ ಮಾರ್ಚ್ 23. ಸೂಚ್ಯಂಕ ಶೇ. 10 ಬಿದ್ದ ಕೂಡಲೇ ನಿಯಮದಂತೆ ವಹಿವಾಟು 45 ನಿಮಿಷ ನಿಂತಿತು. ಮತ್ತೆ ತೆರೆದಾಗ ಇನ್ನಷ್ಟು ಬಿದ್ದು ಒಂದೇ ದಿನದಲ್ಲಿ ಶೇ. 13 ಕಳೆದುಕೊಂಡಿತು. ಆ ತಿಂಗಳು ವಿದೇಶಿ ಸಂಸ್ಥೆಗಳು 60 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಷೇರು ಮಾರಿದವು. ಕೊಂಡವರಲ್ಲಿ ನಮ್ಮ ದೇಶದ ವಿಮಾ ಸಂಸ್ಥೆಗಳು, ಮ್ಯೂಚುವಲ್ ಫಂಡ್‌ಗಳು ಮುಖ್ಯವಾದವು.

ಎಲ್ಲರೂ ಹೆದರಿದಾಗ ಕೊಳ್ಳುವುದಕ್ಕೆ ಎದೆಗಾರಿಕೆಗಿಂತ ಹೆಚ್ಚಾಗಿ ಮೊದಲೇ ಬರೆದಿಟ್ಟ ಲೆಕ್ಕ ಬೇಕು. 100 ರೂಪಾಯಿಯಲ್ಲಿ 40 ಷೇರಿನಲ್ಲಿ, 60 ಸಾಲಪತ್ರಗಳಲ್ಲಿ ಇರಬೇಕೆಂದು ಒಂದು ನಿಧಿಯ ನಿಯಮ ಎನ್ನೋಣ. ಷೇರು ಕಾಲು ಭಾಗ ಬಿದ್ದರೆ 40 ಇದ್ದದ್ದು 30 ಆಯಿತು, ಒಟ್ಟು 90. ಅದರಲ್ಲಿ ಶೇ. 40 ಎಂದರೆ 36. ಹಾಗಾಗಿ 6 ರೂಪಾಯಿಯ ಷೇರು ಕೊಳ್ಳಬೇಕು. ಬೆಲೆ ಏರಿದಾಗ ಇದೇ ಲೆಕ್ಕ ಮಾರು ಎನ್ನುತ್ತದೆ. ನಾಳೆ ಏನಾಗುತ್ತದೆಂದು ಯಾರೂ ಊಹಿಸಬೇಕಾಗಿಲ್ಲ. ಆದರೆ ನಾಳೆ ಬೆಳಿಗ್ಗೆ ಬೇಕಾಗುವ ಹಣವನ್ನು ಷೇರಿನಲ್ಲಿ ಇಟ್ಟಿರಬಾರದು. ಇಟ್ಟರೆ ನಮ್ಮ ಸ್ಥಿತಿಯೂ ಗೂಡು ಹೊತ್ತು ನಿಂತ ರೈತನದೇ.

ಇನ್ನು ಯಂತ್ರದ ಮಾತು. ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೀವು ನೋಡಿದ್ದೀರಿ. ಗೂಡಿನ ಮಾರುಕಟ್ಟೆಯಲ್ಲಿ ಕೂಗಿ ಹರಾಜು ಮಾಡುತ್ತಿದ್ದರು. ಈಗ ರೀಲರು ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ, ತೂಕ ಗಣಕದಲ್ಲಿ ದಾಖಲಾಗುತ್ತದೆ, ಹಣ ರೈತನ ಖಾತೆಗೆ ಹೋಗುತ್ತದೆ. ಷೇರುಪೇಟೆಯೂ ಇದೇ ದಾರಿಯಲ್ಲಿ ಬಂತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪರದೆಯ ಮೇಲೆ ವಹಿವಾಟು ಆರಂಭಿಸಿತು, ಮುಂಬೈನ ಹಳೆಯ ಪೇಟೆಯ ಕೂಗಾಟವೂ ಮರುವರ್ಷ ಪರದೆಗೆ ಬಂತು. ನಮ್ಮ ಬೆಂಗಳೂರಿನ ಷೇರುಪೇಟೆ ಈ ಬದಲಾವಣೆಯಲ್ಲಿ ಉಳಿಯದೆ 2014ರಲ್ಲಿ ಮುಚ್ಚಿತು.

ದೊಡ್ಡವರು ಯಂತ್ರವನ್ನು ಬಳಸುವ ರೀತಿ ಹೀಗೆ. ಹತ್ತು ಲಕ್ಷ ಷೇರು ಬೇಕಿದ್ದರೆ ಒಮ್ಮೆಲೇ ಕೇಳುವುದಿಲ್ಲ, ಕೇಳಿದರೆ ಬೆಲೆ ಜಿಗಿಯುತ್ತದೆ. ಗಣಕದ ಪ್ರೋಗ್ರಾಂ ಅದನ್ನು ಸಾವಿರಾರು ಚೂರು ಮಾಡಿ ದಿನವಿಡೀ ಸದ್ದಿಲ್ಲದೆ ಕೊಳ್ಳುತ್ತದೆ. ಅದಕ್ಕೂ ಲಗಾಮು ಬೇಕು. 2012ರ ಅಕ್ಟೋಬರ್ 5ರಂದು ಬ್ರೋಕರ್ ಒಬ್ಬರ ಕಡೆಯಿಂದ ಸುಮಾರು 650 ಕೋಟಿ ರೂಪಾಯಿಯ ತಪ್ಪು ಆರ್ಡರ್‌ಗಳು ಬಂದು ನಿಫ್ಟಿ ಕ್ಷಣಮಾತ್ರದಲ್ಲಿ ಶೇ. 15ರಷ್ಟು ಕುಸಿದಿತ್ತು. ಆದ್ದರಿಂದ ಆರ್ಡರ್‌ಗೆ ಮಿತಿ, ಇನ್ನೊಬ್ಬರ ಪರಿಶೀಲನೆ, ಎಲ್ಲವನ್ನೂ ತಕ್ಷಣ ನಿಲ್ಲಿಸುವ ಗುಂಡಿ, ಇವಿಲ್ಲದೆ ಯಾವ ಸಂಸ್ಥೆಯೂ ಯಂತ್ರವನ್ನು ಬಿಡುವಂತಿಲ್ಲ.

ಇಷ್ಟನ್ನೂ ಹೇಳಿದ್ದು ಮುಂದಿನ ಮಾತಿಗಾಗಿ. ನಮ್ಮೂರ ಹುಡುಗರು ಗೂಡು ಮಾರಿದ ದುಡ್ಡನ್ನು ಮೊಬೈಲಿನಲ್ಲಿ ಆಪ್ಷನ್ಸ್ ಆಟಕ್ಕೆ ಹಾಕುತ್ತಿದ್ದಾರೆ ಎಂದು ಕೇಳುತ್ತಿದ್ದೇನೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ದಯವಿಟ್ಟು ಗಮನಿಸಿ. ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವಹಿವಾಟಿಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಎದುರಿಗಿದ್ದವರು ಯಾರು? 2023-24ರಲ್ಲಿ ವಿದೇಶಿ ಹೂಡಿಕೆದಾರರು ಅಲ್ಲಿ ಗಳಿಸಿದ ಲಾಭದಲ್ಲಿ ಶೇ. 97 ಗಣಕದ ಅಲ್ಗಾರಿದಮ್‌ಗಳ ಮೂಲಕ ಬಂದದ್ದು. ಅಂದರೆ ತೋಟದ ಬದುವಿನ ಮೇಲೆ ಕೂತು ಹುಡುಗ ಪರದೆ ಒತ್ತುವಾಗ, ಆಚೆ ಕಡೆ ಅವನಿಗಿಂತ ಸಾವಿರ ಪಟ್ಟು ವೇಗದ ಯಂತ್ರ ಕೂತಿರುತ್ತದೆ. ಇಬ್ಬರ ಕೈಯಲ್ಲೂ ಮೊಬೈಲು, ಗಣಕ ಇದ್ದ ಮಾತ್ರಕ್ಕೆ ಇಬ್ಬರೂ ಸಮಾನರಲ್ಲ.

ಹಾಗೆಂದು ಪೇಟೆಗೇ ಹೋಗಬೇಡಿ ಎನ್ನುವುದಿಲ್ಲ. ದೊಡ್ಡವರ ವೇಗ ನಮಗೆ ಬಾರದು, ಅವರ ಶಿಸ್ತು ಬರುತ್ತದೆ. ಮುಂದಿನ ಬೆಳೆಯ ಮೊಟ್ಟೆ, ಗೊಬ್ಬರ, ಮಕ್ಕಳ ಶುಲ್ಕ, ಆಸ್ಪತ್ರೆಯ ಖರ್ಚು, ಇಷ್ಟನ್ನು ಬ್ಯಾಂಕಿನಲ್ಲಿಡಿ. ಸಾಲ ತಂದು ಹೂಡಬೇಡಿ. ಉಳಿದದ್ದನ್ನು ಹಲವು ಕಡೆ ಹಂಚಿ, ವರ್ಷಗಟ್ಟಲೆ ಬಿಡಿ. ದಿನವೂ ಬೆಲೆ ನೋಡುವುದು ಸಸಿಯನ್ನು ದಿನವೂ ಕಿತ್ತು ಬೇರು ನೋಡಿದಂತೆ.

ಮಕ್ಕಳೇ, ಶೇಕಡಾವಾರು ಲೆಕ್ಕವನ್ನು ನಾನು ಕಲಿತದ್ದು ಇದೇ ಶಾಲೆಯ ಕರಿಹಲಗೆಯ ಮೇಲೆ. ನೂರು ರೂಪಾಯಿ ಶೇ. 50 ಬಿದ್ದರೆ ಮತ್ತೆ ನೂರಾಗಲು ಶೇ. 100 ಏರಬೇಕು. ಇಷ್ಟು ತಿಳಿದವರನ್ನು ಮೋಸ ಮಾಡುವುದು ಕಷ್ಟ. ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿ ನನ್ನದೊಂದು ವಿನಂತಿ. ಕಟ್ಟಡಕ್ಕೆ, ಬೆಂಚಿಗೆ ದೇಣಿಗೆ ಕೊಡೋಣ, ಜೊತೆಗೆ ಹತ್ತನೇ ತರಗತಿಯ ಮಕ್ಕಳಿಗೂ ಅವರ ತಂದೆತಾಯಿಗೂ ವರ್ಷಕ್ಕೆ ನಾಲ್ಕು ದಿನ ಹಣದ ಲೆಕ್ಕ ಹೇಳಿಕೊಡೋಣ. ಆ ನಾಲ್ಕು ದಿನವೂ ಬರಲು ನಾನು ಸಿದ್ಧ.